ಹತ್ತು ಮೀಟರ್ ಬಟ್ಟೆ

ಸತ್ವಾದ ಹಿಂದಿನ ಗಲ್ಲಿ. ಗುಂಡಿ ಮಾರುವವನ ಪಕ್ಕ,
ಮೇಲಿನ ಏಸಿಯ ನೀರು ತೊಟ್ಟಿಕ್ಕುವ ಕಡೆ ನನ್ನ ಅಂಗಡಿ.
ಜೂನ್ ಬಂತೆಂದರೆ ಖಾಕಿಯ ಸುಗ್ಗಿ.
ಕೀನ್ಯಾಕ್ಕೆ, ಉಗಾಂಡಾಕ್ಕೆ, ತಾಂಜಾನಿಯಾಕ್ಕೆ
ಹುಲಿ ನೋಡಲು ಹೊರಟವರು
(ಅಲ್ಲಿ ಹುಲಿ ಇಲ್ಲರೀ ಎಂದರೂ ಕೇಳರು)
ಜೇಬಿನ ಮೇಲೆ ಜೇಬು ಹೊಲಿಸಿಕೊಂಡು ಹೋಗುತ್ತಾರೆ.

ನನ್ನ ಆಫ್ರಿಕಾ ಇಷ್ಟೇ:
ಎದೆ ನಲವತ್ತೆರಡು, ಸೊಂಟ ನಲವತ್ತನಾಲ್ಕು,
ದುರ್ಬೀನಿಗೊಂದು, ಮಲೇರಿಯಾ ಗುಳಿಗೆಗೊಂದು,
ಗೈಡಿನ ಕೈಗೆ ತುರುಕುವ ನೋಟಿಗೊಂದು ಒಳಜೇಬು.

ಎದುರಿನ ಎಟಿಎಂ ಕಾಯುವವನು ತುಮುಸೀಮೆ,
ಉಗಾಂಡಾದ ಗುಡ್ಡಗಾಡಿನವನು.
ದೇವರಿಗೆ ಕೈಮುಗಿಯೋಣ ಎಂಬರ್ಥವಂತೆ ಆ ಹೆಸರಿಗೆ.
ನನ್ನ ಕಿವಿಗೆ ಬೀಳುವುದು ಬಾಲ ಮಾತ್ರ.
ಸೀಮೆ ಎಂದರೆ ನಮ್ಮಲ್ಲಿ ಗಡಿ, ಎಂದೆ.
'ಹಾಗಾದರೆ ನನ್ನ ಹಳೆಯ ಕೆಲಸ ನಿನ್ನ ಭಾಷೆಗೂ ಗೊತ್ತು.'

ಗೊರಿಲ್ಲಾಗಳ ಜಾಡು ಹಿಡಿಯುತ್ತಿದ್ದ.
ರಾತ್ರಿ ಮಲಗೆದ್ದ ಎಲೆಯ ಹಾಸು, ಸಿಗಿದ ಕಾಂಡ,
ಲದ್ದಿಯಲ್ಲಿ ಇನ್ನೂ ಆರದ ಬಿಸಿ.
ರೋಗದ ವರ್ಷ ವಿಮಾನಗಳು ನಿಂತವು,
ನೋಡುವವರಿಲ್ಲದೆ ಸಂಬಳ ನಿಂತಿತು,
ಸಂಬಳ ನಿಂತ ಊರಿನಿಂದ ಕಾಡಿಗೆ ಉರುಳು ಹೋಯಿತು.
'ಹಂದಿಗೆ ಒಡ್ಡಿದ್ದು. ಸಿಕ್ಕಿದ್ದು ಗೊರಿಲ್ಲಾ ಮರಿಯ ಕೈ.
ಒಡ್ಡಿದವನು ನನ್ನ ಚಿಕ್ಕಪ್ಪನ ಮಗ.
ಅವನ ಮನೆಯ ಒಲೆ ನಾನೂ ನೋಡಿದ್ದೆ.'
ಇಷ್ಟು ಹೇಳಿ
ಮುಗಿದುಹೋದ ಚಹಾದ ಲೋಟವನ್ನು ಮತ್ತೆ ಬಗ್ಗಿಸಿ ನೋಡಿದ.

ಒಂದು ಸಂಜೆ ಗಿರಾಕಿಯೊಬ್ಬ ಬಂದ.
ಸೈನಿಕರ ಚುಕ್ಕೆಬಟ್ಟೆಯೇ ಬೇಕಂತೆ.
'ಅಲ್ಲಿ ಅದು ಸೈನ್ಯದವರಿಗಷ್ಟೇ. ತೊಟ್ಟರೆ ಹಿಡಿಯುತ್ತಾರೆ,'
ಬಾಗಿಲಲ್ಲೇ ನಿಂತು ತುಮುಸೀಮೆ ಹೇಳಿದ.
ಸರಿ, ಖಾಕಿಯೇ ಇರಲಿ. ಎಷ್ಟು ಹತ್ತಿರ ಬಿಡುತ್ತಾರೆ?
ಸ್ವಲ್ಪ ಬಿಸಿ ಮಾಡಿದರೆ ಮುಟ್ಟಬಹುದೇ?
'ಹತ್ತು ಮೀಟರ್.'
ಹತ್ತು ಮೀಟರೆಂದರೆ?

ಅಳತೆ ನನ್ನ ಕಸುಬು.
ಗೇಣು, ಮೊಳ, ಮಾರು, ಗದಗಿನ ಅಂಗಡಿಯಲ್ಲಿ ಅಜ್ಜ ಕಲಿಸಿದ್ದು.
ಕೂಗಳತೆ ಎಷ್ಟೆಂದು ಕಲಿಸಿದವಳು ಅಜ್ಜಿ,
ದಿನಾ ಊಟಕ್ಕೆ ಕರೆದು.
ಥಾನು ಹೊರಗೊಯ್ದು ಗಲ್ಲಿಯುದ್ದ ಬಿಚ್ಚಿದೆ,
ಮೀಟರಿಗೊಂದು ಗೀಟು ನೆಲದ ಮೇಲೆ, ಸೀಮೆಸುಣ್ಣದಲ್ಲಿ.
(ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮವರು ಸೀಮೆ ಎಂದೇ ಅಂದರು.
ಹಾಗೆ ನೋಡಿದರೆ ಈ ಗಲ್ಲಿಯಲ್ಲಿ ನಾವೆಲ್ಲ ಸೀಮೆಯವರೇ.)
ಆ ತುದಿಗೆ ನನ್ನ ತಲೆಯಿಲ್ಲದ ಹೊಲಿಗೆಬೊಂಬೆ,
ಈ ತುದಿಗೆ ಗಿರಾಕಿ, ಅವನ ಪಕ್ಕ ತುಮುಸೀಮೆ:
'ಒಂದೇ ಗಂಟೆ. ಎಂಟೇ ಜನ. ಬಾಯಿಗೆ ಮಾಸ್ಕು.
ನಿನಗೆ ನೆಗಡಿಯಾದರೆ ಎರಡು ಗುಳಿಗೆ ಸಾಕು,
ಅವುಗಳ ಮನೆಯಲ್ಲಿ ಅದೇ ನೆಗಡಿಗೆ ಹೆಣ ಬೀಳುತ್ತದೆ.
ಅದಾಗಿಯೇ ಹತ್ತಿರ ಬಂದರೆ ನೀನು ಹಿಂದೆ ಸರಿ.'
ಅಷ್ಟರಲ್ಲಿ ಊಟ ಹೊತ್ತ ಬೈಕಿನವನ ಹಾರ್ನ್.
ಬಟ್ಟೆಯನ್ನು ಮೇಲೆತ್ತಿ ಹಿಡಿದೆವು,
ಬಿರಿಯಾನಿಯ ವಾಸನೆ ಅಡಿಯಲ್ಲಿ ತೂರಿಹೋಯಿತು.

ಗಿರಾಕಿ ನಕ್ಕ. 'ಬಟ್ಟೆ ಅಳೆಯೋ ಮಾಸ್ಟರು ಕಾಡನ್ನೂ ಅಳೀತಾರೆ!'
ಒಳಜೇಬು ಮರೆಯಬೇಡ ಎಂದು ಎರಡು ಸಲ ಹೇಳಿಹೋದ.
ಮರೆಯಲಿಲ್ಲ.
ಹೊಲಿದೆ.
ಬಾಯಿಯನ್ನೂ ಸೇರಿಸಿ.

ಆಗಸ್ಟಿನಲ್ಲಿ ಬಂದು ಫೋನು ಚಾಚಿದ.
ಇಷ್ಟು ಸುರಿದು ಹೋದರೆ ಮುಖ ತೋರಿಸಲಿಲ್ಲ ಅದು;
ಮೇಲಾಗಿ ನಿಮ್ಮ ಜೇಬು ಒಂದು!
ನೋಡಿದೆ. ತೊಯ್ದ ಎಲೆಗಳ ಸಂದಿಯಲ್ಲಿ
ಒಂದು ಬೆನ್ನು. ಬೆಳ್ಳಿ ನೆರೆತ ಬೆನ್ನು.
ಭುಜದಿಂದ ಭುಜಕ್ಕೆ ಮೂವತ್ತಿಂಚಿಗೆ ಕಡಿಮೆಯಿಲ್ಲ,
ಯಾರೂ ಟೇಪು ಹಿಡಿಯದ ಬೆನ್ನು,
ತನ್ನ ಪಾಡಿಗೆ ಏನನ್ನೋ ಸಿಗಿದು ತಿನ್ನುತ್ತಿತ್ತು.
ಅಳತೆ ಸರಿಯಿದೆ, ಎಂದೆ.

ತುಮುಸೀಮೆಗೆ ತೋರಿಸಬೇಕಿತ್ತು.
ಕಂಪನಿ ಅವನನ್ನು ಜೆಬೆಲ್ ಅಲಿಯ ಗೋದಾಮಿಗೆ ಹಾಕಿದೆ, ರಾತ್ರಿ ಪಾಳಿ.
ಗಲ್ಲಿಯಲ್ಲಿ ಗೀಟುಗಳು ಉಳಿದಿಲ್ಲ;
ಅಳಿಸಲು ಮಳೆಯೇ ಬರಬೇಕೆಂದಿಲ್ಲ, ಚಪ್ಪಲಿ ಸಾಕು.
ಎಟಿಎಂ ಮುಂದೆ ಈಗ ಹೊಸ ಹುಡುಗ,
ತೋಳು ಉದ್ದವಾದ ಯೂನಿಫಾರಂ.
ಯಾವೂರು ಎಂದು ಇನ್ನೂ ಕೇಳಿಲ್ಲ.